ಕಾಲಕ್ಕೆ ತಕ್ಕ ಪುಸ್ತಕ

ಸ್ವೀಡನ್ನಿನ ಶಾಲಾ ಕಾಯ್ದೆಯಲ್ಲಿ ಕೆಲವು ವರ್ಷಗಳ ಹಿಂದಿನವರೆಗೆ ಒಂದು ವಿಶೇಷಣವಿತ್ತು. ‘ಟೀಡ್ಸ್‌ಎನ್ಲಿಗ್’ ಎಂಬ ಆ ಪದವನ್ನು ಕನ್ನಡಕ್ಕೆ ತಂದರೆ ‘ಕಾಲಕ್ಕೆ ತಕ್ಕ’ ಎಂದಾಗುತ್ತದೆ. ಕಾಲಕ್ಕೆ ತಕ್ಕ ಶಿಕ್ಷಣಕ್ಕೆ ಅಗತ್ಯವಾದ ಪುಸ್ತಕಗಳೂ ಇತರ ಕಲಿಕಾ ಸಾಧನಗಳೂ ಮಕ್ಕಳಿಗೆ ಪುಕ್ಕಟೆ ಸಿಗಬೇಕು ಎಂದು ಕಾಯ್ದೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಆ ಪದ ಅಲ್ಲಿಲ್ಲ. ಮಕ್ಕಳ ಜ್ಞಾನ ಚೆನ್ನಾಗಿ ಬೆಳೆಯಲು ಅಗತ್ಯವಾದ ಪಠ್ಯಪುಸ್ತಕಗಳು, ಇತರ ಪಠ್ಯಸಾಮಗ್ರಿ, ಇತರ ಕಲಿಕಾ ಸಾಧನಗಳು ಎಂಬರ್ಥದ ಒಕ್ಕಣೆ ಅದರ ಜಾಗಕ್ಕೆ ಬಂದಿದೆ. ಪಠ್ಯಪುಸ್ತಕವನ್ನು ಹೆಸರು ಹಿಡಿದು ಕರೆದು ಮೊದಲ ಮಣೆ ಹಾಕಿದ್ದಾರೆ. ಕಾಲವನ್ನು ಕೈಬಿಟ್ಟಿದ್ದಾರೆ.

‘ಕಾಲಕ್ಕೆ ತಕ್ಕ ಕೋಲ’ ಎಂಬ ಮಾತು ನಮ್ಮಲ್ಲಿದೆ. ಅದನ್ನು ಬುದ್ಧಿಮಾತಾಗಿಯೂ ಆಡುತ್ತೇವೆ, ಕೊಂಕಾಗಿಯೂ ಆಡುತ್ತೇವೆ. ಆ ಸ್ವೀಡಿಷ್ ವಿಶೇಷಣಕ್ಕೂ ಇಂಥವೇ ಎರಡು ಮುಖಗಳಿದ್ದವು. ಹಳಸಲು ಪುಸ್ತಕವನ್ನು ಮಕ್ಕಳ ತಲೆಗೆ ಕಟ್ಟಬಾರದು ಎಂಬ ಕಾಳಜಿಯಿಂದ ಅದನ್ನು ಬರೆದಿರಬಹುದು. ಆದರೆ ಬಜೆಟ್ ಸಭೆಯಲ್ಲಿ ಅದು ಬೇರೆ ವೇಷ ಕಟ್ಟುವುದನ್ನು ಊಹಿಸುವುದು ಕಷ್ಟವಲ್ಲ. ಎದುರಿಗೆ ಒಂದು ಕಡೆ ನಾಲ್ಕು ವರ್ಷ ಹಳೆಯ ಭೂಗೋಳದ ಪುಸ್ತಕ, ಇನ್ನೊಂದು ಕಡೆ ಹೊಸ ಟ್ಯಾಬ್ಲೆಟ್. ಕಾಲಕ್ಕೆ ತಕ್ಕದ್ದು ಯಾವುದು ಎಂದು ಕೇಳಿದರೆ ಕೈ ತಾನಾಗಿ ಯಾವ ಕಡೆ ಹೋಗುತ್ತದೆ?

ಈ ಒಂದು ಪದದಿಂದಲೇ ಎಲ್ಲವೂ ನಡೆಯಿತು ಎಂದು ನಾನು ಹೇಳುತ್ತಿಲ್ಲ. ಸ್ವೀಡನ್ನಿನಲ್ಲಿ 1991ರ ಹೊತ್ತಿಗೆ ಶಾಲೆಗಳ ಹೊಣೆ ಕೇಂದ್ರ ಸರ್ಕಾರದಿಂದ ಪುರಸಭೆಗಳಿಗೆ ಹೋಯಿತು. ಪಠ್ಯಪುಸ್ತಕಗಳನ್ನು ಸರ್ಕಾರವೇ ಮುಂಚಿತವಾಗಿ ಪರಿಶೀಲಿಸುವ ಪದ್ಧತಿಯೂ ಆಗಲೇ ನಿಂತಿತು. ಪುಸ್ತಕ ಕೊಳ್ಳಬೇಕೇ, ಎಷ್ಟು ಕೊಳ್ಳಬೇಕು, ಅದರ ಬದಲು ಜೆರಾಕ್ಸ್ ಹಾಳೆ ಹಂಚಿದರೆ ಸಾಲದೇ ಎಂಬುದೆಲ್ಲ ಊರೂರಿನ ತೀರ್ಮಾನವಾಯಿತು. 2017ರಲ್ಲಿ ಶಾಲೆಗಳ ಡಿಜಿಟಲೀಕರಣಕ್ಕೆ ರಾಷ್ಟ್ರೀಯ ಕಾರ್ಯನೀತಿ ಬಂತು. 2019ರಲ್ಲಿ ಅಂಗನವಾಡಿಯ ವಯಸ್ಸಿನ ಮಕ್ಕಳ ಪಠ್ಯಕ್ರಮದಲ್ಲೂ ಡಿಜಿಟಲ್ ಸಾಧನಗಳು ಕಡ್ಡಾಯವಾದವು. 2022ರ ಕೊನೆಗೆ ಅಲ್ಲಿನ ಶಾಲಾ ಪ್ರಾಧಿಕಾರ ಇನ್ನೂ ಮುಂದಿನ ಹಂತದ ಕಾರ್ಯನೀತಿಯನ್ನು ಸರ್ಕಾರದ ಮುಂದಿಟ್ಟಿತು.

ಅಲ್ಲಿ ಬಂಡಿ ನಿಂತಿತು. ಆ ಪ್ರಸ್ತಾವದ ಬಗ್ಗೆ ಅಭಿಪ್ರಾಯ ಕೇಳಿದಾಗ, ವೈದ್ಯಕೀಯ ಸಂಶೋಧನೆಗೆ ಹೆಸರಾದ ಕರೋಲಿನ್‌ಸ್ಕ ಸಂಸ್ಥೆಯ ತಜ್ಞರು 2023ರಲ್ಲಿ ಖಂಡತುಂಡವಾಗಿ ವಿರೋಧ ಬರೆದುಕೊಟ್ಟರು. ಮುದ್ರಿತ ಪಠ್ಯಪುಸ್ತಕ ಮತ್ತು ಶಿಕ್ಷಕರ ಪರಿಣತಿಯ ಮೂಲಕ ಕಲಿಸುವ ಕಡೆಗೆ ಮರಳಬೇಕು ಎಂಬುದು ಅವರ ಮಾತಿನ ಸಾರ. ಆಗ ಶಾಲಾ ಸಚಿವೆಯಾಗಿದ್ದ ಲೊಟ್ಟಾ ಎಡ್ಹೋಲ್ಮ್ ಹೊಸ ಕಾರ್ಯನೀತಿಯನ್ನು ಪಕ್ಕಕ್ಕಿಟ್ಟರು. ಪುಸ್ತಕ ಖರೀದಿಗೆ 2023ರಲ್ಲಿ 68.5 ಕೋಟಿ ಕ್ರೋನಾ, ಮುಂದಿನ ಎರಡು ವರ್ಷ ತಲಾ 50 ಕೋಟಿ ಕ್ರೋನಾ ತೆಗೆದಿಡುವುದಾಗಿ ಸರ್ಕಾರ ಹೇಳಿತು. ಕಾಯ್ದೆಯ ತಿದ್ದುಪಡಿ ಬಂದದ್ದು ಇದಾದ ಮೇಲೆ. ಅದರ ಬೆನ್ನಿಗೇ, ಶಾಲಾ ಗ್ರಂಥಾಲಯಗಳಲ್ಲಿ ಸಿಬ್ಬಂದಿ ಇರಲೇಬೇಕೆಂಬ ನಿಯಮ 2025ರ ಜುಲೈಯಿಂದ ಜಾರಿಗೆ ಬಂತು.

ಮಕ್ಕಳು ಯಾವುದರಲ್ಲಿ ಓದಬೇಕು ಎಂಬುದನ್ನು ಶಾಸನಸಭೆ ಹೇಳಬೇಕೇ? ಅದು ಶಿಕ್ಷಕರಿಗೆ ಬಿಟ್ಟ ವಿಷಯವಲ್ಲವೇ? ಈ ಪ್ರಶ್ನೆ ಸಹಜ, ನ್ಯಾಯವೂ ಹೌದು. ಹೇಳಬೇಕು ಎಂಬುದು ನನ್ನ ಉತ್ತರ. ಕಾಗದದಲ್ಲಿ ಏನೋ ಮಹಿಮೆಯಿದೆ ಎಂದು ನಂಬಿ ಹೀಗೆ ಹೇಳುತ್ತಿಲ್ಲ. ಸಾರ್ವಜನಿಕ ಶಾಲೆಯ ಬಜೆಟ್ಟಿನಲ್ಲಿ ಪರದೆಯ ಪರವಾಗಿ ಮಾತಾಡಲು ಯಾವಾಗಲೂ ಯಾರಾದರೂ ಇರುತ್ತಾರೆ. ಮಾರುವ ಕಂಪನಿ, ಉದ್ಘಾಟನೆಗೆ ಬರುವ ಜನಪ್ರತಿನಿಧಿ, ಹಿಂದುಳಿದೆವೆಂಬ ಅಂಜಿಕೆಯ ಅಧಿಕಾರಿ. ಐದನೆಯ ತರಗತಿಯ ಗಣಿತ ಪುಸ್ತಕವನ್ನು ಉದ್ಘಾಟಿಸಲು ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ತನ್ನ ಪರ ವಾದಿಸುವವರಿಲ್ಲದ ಸಾಧಾರಣ ವಸ್ತುವಿಗೆ ಜಾಗ ಕಾದಿರಿಸುವುದು ಕಾಯ್ದೆಯ ಕೆಲಸ.

ಮೊದಲು ಸಾಕ್ಷ್ಯವನ್ನು ನೋಡೋಣ, ಅದರ ಅಳತೆ ಮೀರದೆ. ನಾರ್ವೆಯಲ್ಲಿ ಆನ್ ಮಾಂಗನ್ ಮತ್ತು ಸಹೋದ್ಯೋಗಿಗಳು ಹತ್ತನೆಯ ತರಗತಿಯ 72 ವಿದ್ಯಾರ್ಥಿಗಳಿಗೆ ಒಂದೇ ಪಠ್ಯಗಳನ್ನು ಕೊಟ್ಟು ಓದಿಸಿದರು. ಕೆಲವರು ಓದಿದ್ದು ಕಾಗದದಲ್ಲಿ, ಉಳಿದವರು ಕಂಪ್ಯೂಟರ್ ಪರದೆಯ ಪಿಡಿಎಫ್‌ನಲ್ಲಿ. ಓದಿದ್ದನ್ನು ಗ್ರಹಿಸುವುದರಲ್ಲಿ ಕಾಗದದ ಗುಂಪು ಮುಂದಿತ್ತು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು. 2018ರಲ್ಲಿ ಸ್ಪೇನ್ ಮತ್ತು ಇಸ್ರೇಲಿನ ಸಂಶೋಧಕರು ಇಂಥ 54 ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದರು. ಭಾಗವಹಿಸಿದವರ ಸಂಖ್ಯೆ 1.7 ಲಕ್ಷ ದಾಟಿತ್ತು. ಕಾಗದದ ಮೇಲುಗೈ ಅಲ್ಲಿಯೂ ಕಂಡಿತು. ಮಾಹಿತಿ ತುಂಬಿದ ಬರಹಗಳಲ್ಲಿ, ಸಮಯದ ಒತ್ತಡ ಇದ್ದಾಗ ಅದು ಇನ್ನಷ್ಟು ಎದ್ದುಕಂಡಿತು. ಪರದೆಗೆ ರೂಢಿಯಾದ ಹಾಗೆ ಅಂತರ ಕರಗುತ್ತದೆ ಎಂಬ ನಿರೀಕ್ಷೆ ಸುಳ್ಳಾಯಿತು. 2000ದಿಂದ ಈಚೆಗೆ ಅಂತರ ಹೆಚ್ಚುತ್ತಲೇ ಬಂದಿತ್ತು.

ಇದೇ ವಿಶ್ಲೇಷಣೆ ಇನ್ನೆರಡು ಮಾತುಗಳನ್ನೂ ಹೇಳುತ್ತದೆ. ಪುಸ್ತಕದ ವಕೀಲರು ಅವನ್ನು ಮರೆಮಾಚಬಾರದು. ಸರಾಸರಿಯಲ್ಲಿ ಈ ವ್ಯತ್ಯಾಸ ದೊಡ್ಡದಲ್ಲ. ಕಥೆ ಓದುವಾಗ ವ್ಯತ್ಯಾಸ ಕಾಣಲೇ ಇಲ್ಲ. ಸ್ವೀಡನ್ನಿನ ಅಂಕಗಳ ಮಾತೂ ಹಾಗೆಯೇ. ನಾಲ್ಕನೆಯ ತರಗತಿಯ ಮಕ್ಕಳ ಓದನ್ನು ಅಳೆಯುವ ‘ಪಿರ್ಲ್ಸ್’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಆ ದೇಶದ ಸರಾಸರಿ 2016ರಲ್ಲಿ 555 ಇದ್ದದ್ದು 2021ರಲ್ಲಿ 544ಕ್ಕೆ ಇಳಿಯಿತು. ಪುಸ್ತಕದ ಪರ ಮಾತಾಡಿದವರೆಲ್ಲ ಈ ಇಳಿಕೆಯನ್ನು ಎತ್ತಿ ತೋರಿಸಿದರು. ಆದರೆ 2011ರಲ್ಲಿ ಅದೇ ಅಂಕ 542 ಇತ್ತು. ನಡುವೆ ಕೋವಿಡ್ ಬಂದುಹೋಗಿದೆ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳ ಸಂಖ್ಯೆ ಹೆಚ್ಚಿದೆ. ಹನ್ನೊಂದು ಅಂಕಗಳ ಇಳಿತವನ್ನು ಟ್ಯಾಬ್ಲೆಟ್ಟಿನ ತಲೆಗೆ ಕಟ್ಟುವುದು ಸುಲಭ, ಸಾಬೀತು ಮಾಡುವುದು ಕಷ್ಟ.

ಇಷ್ಟು ತೆಳುವಾದ ಆಧಾರದ ಮೇಲೆ ಕಾಯ್ದೆ ಮಾಡಬಹುದೇ? ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಹಳೆಯದನ್ನು ಉಳಿಸಿಕೊಳ್ಳಲು ಪುರಾವೆ ಬೇಕೇ, ಅದನ್ನು ತೆಗೆದು ಹೊಸದನ್ನು ಕೂರಿಸಲು ಪುರಾವೆ ಬೇಕೇ? ಆಸ್ಪತ್ರೆಗೆ ಹೊಸ ಮದ್ದು ಬಂದರೆ, ಇದು ಹಳೆಯದಕ್ಕಿಂತ ಮೇಲು ಅಥವಾ ಕಡೇಪಕ್ಷ ಸಮ ಎಂದು ತೋರಿಸುವ ಹೊಣೆ ಮದ್ದು ತಂದವರದು. ಶಾಲೆಗೆ ಯಂತ್ರ ಬಂದಾಗ ಈ ಹೊಣೆಯನ್ನು ಯಾರೂ ಹೊರಲಿಲ್ಲ. ಮೊದಲು ಖರೀದಿ, ಆಮೇಲೆ ಸಂಶೋಧನೆ ಎಂದಾಯಿತು. ವ್ಯತ್ಯಾಸ ಚಿಕ್ಕದೇ ಇರಲಿ, ಅದು ಪುಸ್ತಕದ ಕಡೆಗೇ ವಾಲಿದೆ. ಪಠ್ಯಪುಸ್ತಕ ಎಂಬುದು ಮಾಹಿತಿ ತುಂಬಿದ ಬರಹವೇ, ಪರೀಕ್ಷೆ ಎಂಬುದು ಸಮಯದ ಒತ್ತಡವೇ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ಅಧ್ಯಯನಗಳನ್ನು ಬದಿಗಿಟ್ಟು ಕಣ್ಣೆದುರಿನ ಒಂದು ಸಂಗತಿ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಒಂದು ಜೂನ್ ತಿಂಗಳು ಅವಳ ಶಾಲೆಗೆ ಸಮಾಜ ವಿಜ್ಞಾನದ ಪುಸ್ತಕ ಬರುವುದು ತಡವಾಯಿತು. ಮೇಷ್ಟ್ರು ಒಳ್ಳೆಯವರು, ಸುಮ್ಮನೆ ಕೂರಲಿಲ್ಲ. ಪಿಡಿಎಫ್ ಇಳಿಸಿಕೊಂಡು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಆ ಮನೆಯಲ್ಲಿ ಫೋನು ಒಂದೇ, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ರಾತ್ರಿ ಎಂಟಕ್ಕೆ ಅಪ್ಪ ಬಂದ ಮೇಲೆ ಚಾರ್ಜಿಗೆ ಹಾಕಿ, ವೈರಿನ ಉದ್ದಕ್ಕೆ ತಕ್ಕಂತೆ ಗೋಡೆಗೆ ಒರಗಿ, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದುತ್ತಿದ್ದಳು. ನಡುವೆ ಕರೆ ಬಂದರೆ ಪಾಠ ಮಾಯ. ಕೊನೆಗೆ ಅವಳಮ್ಮ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದರು. ದುಡ್ಡು ಉಳಿಸಲು ಒಂದೇ ಮಗ್ಗುಲಿಗೆ ನಾಲ್ಕು ಪುಟ ಹಾಕಿಸಿದ್ದರಿಂದ ಅಕ್ಷರಗಳು ಇರುವೆ ಸಾಲಿನಂತಿದ್ದವು. ಭೂಪಟದಲ್ಲಿ ನದಿ ಯಾವುದು, ಗಡಿ ಯಾವುದು ತಿಳಿಯುವಂತಿರಲಿಲ್ಲ. ಮುದ್ರಿತ ಪುಸ್ತಕ ತಪ್ಪಿದಾಗಲೂ ಆ ಮನೆ ಕೊನೆಗೆ ಹುಡುಕಿಕೊಂಡು ಹೋದದ್ದು ಮುದ್ರಣವನ್ನೇ. ವ್ಯತ್ಯಾಸವೆಂದರೆ ಖರ್ಚು ಸರ್ಕಾರದ ತಲೆಯಿಂದ ಆ ತಾಯಿಯ ಸೆರಗಿನ ಗಂಟಿಗೆ ಬಂತು.

2020ರಲ್ಲಿ, ಕೋವಿಡ್ ಬಂದಾಗ, ಇಡೀ ಕರ್ನಾಟಕ ಇದನ್ನು ದೊಡ್ಡದಾಗಿ ನೋಡಿತು. ಶಾಲೆ ಮುಚ್ಚಿ, ಪಾಠ ಫೋನಿಗೆ ಹೋದಾಗ, ಫೋನಿಲ್ಲದ ಮಕ್ಕಳು ಎಷ್ಟು ಮಂದಿ ಎಂಬುದು ಊರೂರಲ್ಲಿ ಬಯಲಾಯಿತು. ಆಗಸ್ಟ್ ತಿಂಗಳಲ್ಲಿ ಆರಂಭವಾದ ‘ವಿದ್ಯಾಗಮ’ ಎಂಬ ಸರ್ಕಾರಿ ಯೋಜನೆಯಲ್ಲಿ ಶಿಕ್ಷಕರೇ ಮರದಡಿಗೆ, ದೇವಸ್ಥಾನದ ಜಗಲಿಗೆ ನಡೆದು ಹೋದರು. ಮಕ್ಕಳು ಅಲ್ಲಿಗೆ ತಂದದ್ದು ಚೀಲದಲ್ಲಿದ್ದ ಪುಸ್ತಕ. ಅದಕ್ಕೆ ಕರೆಂಟು ಬೇಕಿರಲಿಲ್ಲ, ಪಾಸ್‌ವರ್ಡ್ ಬೇಕಿರಲಿಲ್ಲ, ಮುಂದಿನ ವರ್ಷ ಚಂದಾ ಕಟ್ಟುವ ಹಂಗೂ ಇರಲಿಲ್ಲ.

ಪುಸ್ತಕಕ್ಕೆ ಇನ್ನೊಂದು ಗುಣವಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಮುದ್ರಿತ ಪುಸ್ತಕಕ್ಕೆ ಗುರುತು ಉಳಿಯುತ್ತದೆ. ಕರ್ನಾಟಕದಲ್ಲಿ 2022ರಲ್ಲಿ ಪಠ್ಯ ಪರಿಷ್ಕರಣೆಯ ಗದ್ದಲ ಎದ್ದಾಗ ಯಾವ ಪಾಠ ಹೋಯಿತು, ಯಾವುದು ಬಂತು, ಯಾವ ಸಾಲು ಬದಲಾಯಿತು ಎಂದು ಎರಡೂ ಪುಸ್ತಕಗಳನ್ನು ಪಕ್ಕದಲ್ಲಿಟ್ಟು ನಾಡೆಲ್ಲ ಜಗಳವಾಡಿತು. 2023ರಲ್ಲಿ ಸರ್ಕಾರ ಬದಲಾಗಿ ಕೆಲವು ಪಾಠಗಳನ್ನು ಕೈಬಿಡುವ ತೀರ್ಮಾನವಾದಾಗ ಪುಸ್ತಕಗಳು ಆಗಲೇ ಅಚ್ಚಾಗಿದ್ದವು. ಹಾಗಾಗಿ ಅದು ಸಂಪುಟದ ಮುಂದೆ ಹೋಗಿ, ಆದೇಶವಾಗಿ, ಪೂರಕ ಪುಸ್ತಿಕೆಯಾಗಿ ಬರಬೇಕಾಯಿತು. ಈ ಬದಲಾವಣೆಗಳಲ್ಲಿ ಯಾರು ಸರಿ ಎಂಬುದರ ಬಗ್ಗೆ ಓದುಗರಲ್ಲಿ ಎರಡು ಅಭಿಪ್ರಾಯ ಇದ್ದೇ ಇರುತ್ತದೆ. ನನ್ನ ಆಸಕ್ತಿ ಆ ತೊಡಕಿನ ಬಗ್ಗೆ. ಅಚ್ಚಾದದ್ದನ್ನು ಬದಲಿಸಲು ಹಗಲು ಹೊತ್ತಿನಲ್ಲಿ, ಎಲ್ಲರೆದುರು, ಹೆಸರು ಹಾಕಿ ಬದಲಿಸಬೇಕು. ಸರ್ವರಿನಲ್ಲಿರುವ ಪಾಠವನ್ನು ಬದಲಿಸಲು ಒಂದು ರಾತ್ರಿ ಸಾಕು. ನಿನ್ನೆ ಅಲ್ಲಿ ಬೇರೆ ಇತ್ತು ಎನ್ನುವ ಮಗುವಿನ ಕೈಯಲ್ಲಿ ಸಾಕ್ಷಿಯೇ ಇರುವುದಿಲ್ಲ. ಸರ್ಕಾರ ಬರೆಸಿದ ಪಠ್ಯವನ್ನೇ ಎಲ್ಲ ಮಕ್ಕಳೂ ಓದುವ ವ್ಯವಸ್ಥೆಯಲ್ಲಿ ಮುದ್ರಣವೆಂಬುದು ಪ್ರಜೆಗಳ ಕೈಯಲ್ಲಿರುವ ರಸೀದಿ.

ದಕ್ಷಿಣ ಕೊರಿಯಾದ ಕಥೆ ಸ್ವೀಡನ್ನಿನದಕ್ಕಿಂತ ರಭಸದ್ದು. 2025ರ ಮಾರ್ಚಿನಲ್ಲಿ ಕೃತಕ ಬುದ್ಧಿಮತ್ತೆಯ ಡಿಜಿಟಲ್ ಪಠ್ಯಪುಸ್ತಕಗಳು ಗಣಿತ, ಇಂಗ್ಲಿಷ್, ಮಾಹಿತಿ ವಿಜ್ಞಾನ ವಿಷಯಗಳಲ್ಲಿ ಅಲ್ಲಿನ ತರಗತಿಗಳಿಗೆ ಬಂದವು. ಪ್ರತಿ ಮಗುವಿನ ವೇಗಕ್ಕೆ ತಕ್ಕಂತೆ ಪಾಠ ಎಂಬುದು ಆಶ್ವಾಸನೆ. ಅವು ತರಗತಿಗೆ ಬರುವ ಮೊದಲೇ, 2024ರ ಡಿಸೆಂಬರಿನಲ್ಲಿ, ಇವು ಪಠ್ಯಪುಸ್ತಕಗಳಲ್ಲ, ಬರಿಯ ‘ಶೈಕ್ಷಣಿಕ ಸಾಮಗ್ರಿ’ ಎಂದು ಹೇಳುವ ತಿದ್ದುಪಡಿಯನ್ನು ಸಂಸತ್ತು ಅಂಗೀಕರಿಸಿತ್ತು. ಹಂಗಾಮಿ ಅಧ್ಯಕ್ಷರು ಜನವರಿಯಲ್ಲಿ ಅದನ್ನು ತಡೆಹಿಡಿದರು. ಹೊಸ ಅಧ್ಯಕ್ಷರು ಬಂದ ಮೇಲೆ, 2025ರ ಆಗಸ್ಟ್‌ನಲ್ಲಿ, ಅದೇ ಆಶಯದ ತಿದ್ದುಪಡಿ ಮತ್ತೆ ಅಂಗೀಕಾರವಾಯಿತು. ಒಂದು ಶಾಲಾ ಅವಧಿ ಕಳೆಯುವುದರೊಳಗೆ ಪಠ್ಯಪುಸ್ತಕ ಎಂಬ ಪದವಿ ಆ ತಂತ್ರಾಂಶಗಳ ಕೈತಪ್ಪಿತು.

ಇಲ್ಲಿ ಯಾವುದನ್ನೂ ನಿಷೇಧಿಸಿಲ್ಲ ಎಂಬುದನ್ನು ಗಮನಿಸಬೇಕು. ಬೇಕಾದ ಶಾಲೆ ಆ ತಂತ್ರಾಂಶವನ್ನು ಈಗಲೂ ಬಳಸಬಹುದು. ಕಾಯ್ದೆ ಮಾಡಿದ್ದು ಒಂದು ಪದಕ್ಕೆ ಬೇಲಿ ಹಾಕುವ ಕೆಲಸ. ‘ಪಠ್ಯಪುಸ್ತಕ’ ಎಂಬ ಹೆಸರಿನೊಂದಿಗೆ ಕಡ್ಡಾಯ ಬರುತ್ತದೆ, ಸರ್ಕಾರದ ದುಡ್ಡು ಬರುತ್ತದೆ. ಆ ಹೆಸರು ಯಾರಿಗೆ ಸಲ್ಲಬೇಕು ಎಂಬುದನ್ನು ಮಾರುಕಟ್ಟೆ ನಿರ್ಧರಿಸದಿರಲಿ ಎಂದು ಶಾಸನ ಹೇಳಿತು. ತಡವಾಗಿ ಹೇಳಿದ್ದರಿಂದ ನಷ್ಟವೂ ಆಯಿತು. ಸರ್ಕಾರದ ಮಾತು ನಂಬಿ ಬಂಡವಾಳ ಹಾಕಿದ್ದ ಪ್ರಕಾಶಕರು ಕಂಗಾಲಾದರು. ಬೇಲಿಯನ್ನು ಬಿತ್ತನೆಗೆ ಮೊದಲೇ ಹಾಕಬೇಕಿತ್ತು.

ಇನ್ನು ಆಕ್ಷೇಪಗಳಿಗೆ ಬರೋಣ. ಚೀಲದ ಭಾರ ಎಂಬುದು ಮೊದಲನೆಯದು. ಮಗುವಿನ ಮೈತೂಕದ ಶೇ. 10ಕ್ಕಿಂತ ಚೀಲ ಭಾರವಿರಬಾರದು ಎಂದು 2020ರ ಶಾಲಾ ಚೀಲ ನೀತಿ ಹೇಳುತ್ತದೆ. ಹೇಳುವುದಕ್ಕೆ ಕಾರಣವೂ ಇದೆ. ಆದರೆ ಚೀಲ ಬಿಚ್ಚಿ ನೋಡಿದವರಿಗೆ ಗೊತ್ತು, ಅದರಲ್ಲಿ ಸರ್ಕಾರಿ ಪಠ್ಯಪುಸ್ತಕಕ್ಕಿಂತ ನೋಟ್‌ಬುಕ್ಕು, ವರ್ಕ್‌ಬುಕ್ಕು, ಗೈಡುಗಳದ್ದೇ ಕಾರುಬಾರು. ಪುಸ್ತಕವನ್ನು ಎರಡು ಭಾಗ ಮಾಡಿ ಕೊಡಬಹುದು, ಒಂದು ಪ್ರತಿ ಶಾಲೆಯಲ್ಲೇ ಇಡಬಹುದು, ವೇಳಾಪಟ್ಟಿ ಸರಿಪಡಿಸಬಹುದು. ಭಾರ ಇಳಿಸಲು ಪುಸ್ತಕವನ್ನೇ ಇಳಿಸುವುದು ನೆಗಡಿಗೆ ಮೂಗು ಕೊಯ್ದ ಹಾಗೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕಣ್ಣು ಕಾಣದ ಮಗುವಿಗೆ, ಅಕ್ಷರಗಳು ಕಲಸಿಹೋಗುವ ಡಿಸ್ಲೆಕ್ಸಿಯಾ ಇರುವ ಮಗುವಿಗೆ ಮುದ್ರಿತ ಪುಸ್ತಕ ಮುಚ್ಚಿದ ಬಾಗಿಲು. ಅವರಿಗೆ ಓದಿ ಹೇಳುವ ತಂತ್ರಾಂಶ, ಹಿಗ್ಗುವ ಅಕ್ಷರ, ಬ್ರೈಲ್ ಬೇಕು. ಕಿವಿಯಲ್ಲಿ ಓದುವವರಿಗಾಗಿ ಅಧ್ಯಾಯ, ಪುಟ ಹಿಡಿದು ಮುಂದೆ ಹಿಂದೆ ಹೋಗಲು ಬರುವ ‘ಡೈಸಿ’ ಎಂಬ ಧ್ವನಿಪುಸ್ತಕ ವಿಧಾನ ಹುಟ್ಟಿದ್ದು ಸ್ವೀಡನ್ನಿನ ಸರ್ಕಾರಿ ಗ್ರಂಥಾಲಯವೊಂದರ ಯೋಜನೆಯಲ್ಲಿ, 1990ರ ದಶಕದಲ್ಲಿ. ದೃಷ್ಟಿದೋಷ ಇರುವವರಿಗೆ ಪುಸ್ತಕಗಳನ್ನು ಸುಲಭ ರೂಪಕ್ಕೆ ತರಲು ಅನುವು ಮಾಡುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಮುದ್ರಣದ ಪರವಾದ ಯಾವ ಕಾಯ್ದೆಯೂ ಈ ಮಕ್ಕಳನ್ನು ವಿನಾಯಿತಿಯ ಅಡಿಟಿಪ್ಪಣಿಗೆ ತಳ್ಳಬಾರದು. ಪ್ರತಿ ಮಗುವಿಗೂ ಓದಲು ಬರುವ ರೂಪದಲ್ಲಿ ಪುಸ್ತಕ ಎಂದು ಮೂಲ ವಾಕ್ಯದಲ್ಲೇ ಬರೆದರೆ, ಬ್ರೈಲ್ ಮತ್ತು ಧ್ವನಿಪುಸ್ತಕಗಳೂ ಹಕ್ಕಾಗುತ್ತವೆ.

ಮೂರನೆಯದು ಶಿಕ್ಷಕರ ಸ್ವಾತಂತ್ರ್ಯ. ಕಾಯ್ದೆ ಪುಸ್ತಕವನ್ನು ಕಡ್ಡಾಯ ಮಾಡಿದರೆ ಒಳ್ಳೆಯ ಮೇಷ್ಟ್ರ ಕೈ ಕಟ್ಟಿದಂತಾಗುವುದಿಲ್ಲವೇ? ಪುಸ್ತಕ ಬಿಟ್ಟು ಬೇರೇನೂ ಕೂಡದು ಎಂದರೆ ಕಟ್ಟಿದಂತೆಯೇ. ಪುಸ್ತಕ ಇರಲೇಬೇಕು ಎಂದರೆ ಹಾಗಾಗದು. ಜ್ವಾಲಾಮುಖಿಯನ್ನು ವಿಡಿಯೊದಲ್ಲಿ ತೋರಿಸುವುದೇ ಸರಿ. ಹೃದಯ ಬಡಿಯುವುದನ್ನು ನಿಂತ ಚಿತ್ರ ಎಷ್ಟು ಹೇಳೀತು? ನಮ್ಮ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ, ‘ದೀಕ್ಷಾ’ ಎಂಬ ಸರ್ಕಾರಿ ಡಿಜಿಟಲ್ ಕಲಿಕಾ ತಾಣದ ಕ್ಯೂಆರ್ ಕೋಡ್ ಒಂದು ರೀತಿಯಲ್ಲಿ ಸರಿಯಾದ ಶ್ರೇಣಿಯನ್ನೇ ತೋರಿಸುತ್ತದೆ. ಪುಟ ಮೊದಲು, ಬೇಕಾದವರಿಗೆ ಪುಟದಿಂದ ಪರದೆಗೆ ಒಂದು ಕಿಂಡಿ. ಫೋನಿಲ್ಲದಿದ್ದರೆ ಕಿಂಡಿ ತೆರೆಯುವುದಿಲ್ಲ, ಆದರೆ ಪುಟ ಕೈಯಲ್ಲೇ ಇರುತ್ತದೆ.

ಸ್ವೀಡನ್ನಿನ ಹೊಸ ಒಕ್ಕಣೆಯಲ್ಲೂ ಸಡಿಲು ಉಳಿದಿದೆ. ‘ಅಗತ್ಯವಾದ’ ಎಂಬ ಪದ ಅಲ್ಲೇ ಕೂತಿದೆ. ಯಾರಿಗೆ ಅಗತ್ಯ, ಎಷ್ಟು ಅಗತ್ಯ ಎಂಬುದನ್ನು ಮತ್ತೆ ಊರೂರಿನ ಶಾಲೆಯೇ ಹೇಳಬೇಕು. ವಿಶೇಷ ಅನುದಾನ ನಿಂತ ವರ್ಷ ಆ ಪದ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂಬುದರಲ್ಲಿ ಆ ಕಾಯ್ದೆಯ ನಿಜವಾದ ಪರೀಕ್ಷೆಯಿದೆ.

ನಮ್ಮಲ್ಲಿ ಪದದ ಕೊರತೆ ಅಷ್ಟಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ‘ಕಲಿಕಾ ಸಲಕರಣೆ’ ಎಂಬ ಅಗಲವಾದ ಮಾತಾಡಿತು. 2010ರ ಕೇಂದ್ರ ನಿಯಮಗಳು ಉಚಿತ ಪಠ್ಯಪುಸ್ತಕ, ಬರೆಯುವ ಸಾಮಗ್ರಿ, ಸಮವಸ್ತ್ರ ಎಂದು ಬಿಡಿಸಿ ಹೇಳಿದವು. ಕರ್ನಾಟಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಪುಸ್ತಕ ಪುಕ್ಕಟೆ ಸಿಗುತ್ತಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ನಮ್ಮ ನಿಯಮದಲ್ಲಿ ಒಂದು ತಾರೀಕು ಇಲ್ಲ. ಶಾಲೆ ಶುರುವಾಗುವುದು ಮೇ ಕೊನೆಗೋ ಜೂನ್ ಮೊದಲಿಗೋ; ಟೆಂಡರು, ಕಾಗದ, ಸಾಗಣೆ ಎಂಬ ಕಾರಣಗಳ ನಡುವೆ ಪುಸ್ತಕ ಜುಲೈಗೆ ಬಂದರೂ ನಿಯಮ ಪಾಲನೆಯಾದಂತೆಯೇ ಲೆಕ್ಕ. ತಡವಾದಷ್ಟು ದಿನ ‘ಪಿಡಿಎಫ್ ಇದೆಯಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮುಂದೊಂದು ದಿನ ಯಾರಾದರೂ ಅದೇ ಉತ್ತರವನ್ನು ನೀತಿಯಾಗಿ ಬರೆಯಬಹುದು. ಅದನ್ನು ಕಾಲಕ್ಕೆ ತಕ್ಕದ್ದು ಎಂದೂ ಕರೆಯಬಹುದು.

ನಾನು ಓದುವಾಗ ಹಳೆಯ ಪುಸ್ತಕವನ್ನು ಅರ್ಧ ಬೆಲೆಗೆ ಕೊಳ್ಳುವ ರೂಢಿಯಿತ್ತು. ಒಳರಟ್ಟಿನಲ್ಲಿ ನನಗಿಂತ ಮುಂಚೆ ಓದಿದ ಇಬ್ಬರ ಹೆಸರು, ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಮುಖ್ಯ’ ಎಂಬ ಗುರುತು. ಆ ಗುರುತು ನಂಬಿ ಓದಿದ ಪ್ರಶ್ನೆ ಪರೀಕ್ಷೆಯಲ್ಲಿ ಬಂದದ್ದೂ ಉಂಟು, ಬಾರದೆ ಕೈಕೊಟ್ಟದ್ದೂ ಉಂಟು. ಆ ಪುಸ್ತಕಗಳ ಬಗ್ಗೆ ಈಗ ಯೋಚಿಸಿದರೆ ಒಂದೇ ಸಂಗತಿ ಮುಖ್ಯವೆನಿಸುತ್ತದೆ. ಶಾಲೆ ತೆರೆಯುವ ದಿನ ಅವು ನನ್ನ ಕೈಯಲ್ಲಿದ್ದವು, ಕಾಕಿ ಹಾಳೆಯ ಹೊದಿಕೆ ಹೊದ್ದು. ಸ್ವೀಡನ್ನಿನವರು ತಮ್ಮ ಕಾಯ್ದೆಯಿಂದ ಕಾಲವನ್ನು ತೆಗೆದುಹಾಕಿದರು. ನಾವು ನಮ್ಮ ನಿಯಮಕ್ಕೆ ಕಾಲವನ್ನು ಸೇರಿಸಬೇಕಾಗಿದೆ: ಪಠ್ಯಪುಸ್ತಕ, ಪ್ರತಿ ಮಗುವಿಗೆ, ಪ್ರತಿ ವಿಷಯಕ್ಕೆ, ಶಾಲೆ ತೆರೆಯುವ ದಿನಕ್ಕೆ. ಕಾಲಕ್ಕೆ ತಕ್ಕ ಪುಸ್ತಕ ಎಂಬುದಕ್ಕೆ ಎಂಟನೆಯ ತರಗತಿಯ ಆ ಹುಡುಗಿ ಒಪ್ಪುವ ಅರ್ಥ ಅದೊಂದೇ.